ರಾಜೀನಾಮೆ ಕೊಟ್ಟ ಮೇಲೆ, ಕೊಡುತ್ತೇವೆಂದ ಷೇರುಗಳನ್ನು ಕೇಳಿ ಪಡೆಯಲು ಸಾಧ್ಯವೇ?

ಮೂರನೇ ನೌಕರ:
ಒಂದು ಸಣ್ಣ ತಂತ್ರಾಂಶ ಕಂಪನಿಗೆ ಅದರ ಆರಂಭದ ದಿನಗಳಲ್ಲಿ ಸೇರಿ, ಎರಡೂವರೆ ವರ್ಷ ದುಡಿದು, ಈಚೆಗೆ ರಾಜೀನಾಮೆ ಕೊಟ್ಟು ಹೊರಬಂದಿದ್ದೇನೆ. ಬೇರೆಡೆ ಸಿಗುತ್ತಿದ್ದುದಕ್ಕಿಂತ ಕಡಿಮೆ ಸಂಬಳಕ್ಕೆ ಅಲ್ಲಿ ಸೇರಲು ಒಪ್ಪಿದ್ದು ಆಫರ್ ಲೆಟರ್‌ನ ಒಂದು ಪ್ಯಾರಾದ ಕಾರಣಕ್ಕೆ. ಕಂಪನಿಯ ಶೇಕಡಾ 0.5ರಷ್ಟು ಷೇರುಗಳಿಗೆ ಸ್ಟಾಕ್ ಆಪ್ಶನ್ (ನಿಗದಿತ ಬೆಲೆಗೆ ಮುಂದೆ ಷೇರು ಕೊಳ್ಳುವ ಹಕ್ಕು) ಕೊಡಲಾಗುವುದು, ಅದು ನಾಲ್ಕು ವರ್ಷಗಳಲ್ಲಿ ವೆಸ್ಟ್ ಆಗುವುದು, ಅಂದರೆ ದುಡಿದಂತೆಲ್ಲ ಹಂತಹಂತವಾಗಿ ನನ್ನದಾಗುವುದು, ಮೊದಲ ವರ್ಷ ತುಂಬಿದಾಗ ಕಾಲು ಭಾಗ, ಆಮೇಲೆ ಪ್ರತಿ ತಿಂಗಳೂ 48ರಲ್ಲಿ ಒಂದು ಭಾಗ ಸೇರುವುದು ಎಂದು ಅದರಲ್ಲಿತ್ತು. ಆಪ್ಶನ್ ಕೊಟ್ಟಿದ್ದೇವೆ ಎಂದು ದಾಖಲಿಸುವ ಗ್ರಾಂಟ್ ಲೆಟರ್ ಎಲ್ಲಿ ಎಂದು ಕೇಳಿದಾಗಲೆಲ್ಲ, ಮುಂದಿನ ಹೂಡಿಕೆಯ ಸುತ್ತು ಮುಗಿಯಲಿ, ಎಲ್ಲರದ್ದೂ ಒಟ್ಟಿಗೇ ಮಾಡೋಣ ಎಂದು ಸಂಸ್ಥಾಪಕರು ಹೇಳುತ್ತಿದ್ದರು. ಆ ಸುತ್ತು ಮುಗಿಯಿತು, ಗ್ರಾಂಟ್ ಮಾತ್ರ ಬರಲಿಲ್ಲ.

ಈಗ ಎಚ್‌ಆರ್ ವಿಭಾಗದವರು ನನ್ನ ಹೆಸರಿನಲ್ಲಿ ಯಾವ ಆಪ್ಶನ್ನೂ ದಾಖಲಾಗಿಲ್ಲ, ಆದ್ದರಿಂದ ವೆಸ್ಟ್ ಆಗುವ ಪ್ರಶ್ನೆಯೇ ಏಳುವುದಿಲ್ಲ ಎಂದು ಬರೆದಿದ್ದಾರೆ. ಅದರ ಜೊತೆಗೆ, ಕಂಪನಿಯಿಂದ ನನಗೆ ಯಾವುದೇ ರೀತಿಯ ಬಾಕಿ ಇಲ್ಲ ಎಂಬ ಪತ್ರಕ್ಕೆ ಸಹಿ ಹಾಕಿದರೆ ಮಾತ್ರ ಕೊನೆಯ ತಿಂಗಳ ಸಂಬಳ ಬಿಡುಗಡೆಯಾಗುತ್ತದೆ ಎಂದೂ ಹೇಳಿದ್ದಾರೆ. ಕಂಪನಿ ನೋಂದಣಿಯಾದ ದೇಶ ಒಂದು, ನಾನು ಕುಳಿತು ಕೆಲಸ ಮಾಡಿದ ದೇಶ ಇನ್ನೊಂದು. ನನಗೆ ನಿಜವಾಗಿ ಕೇಳುವ ಹಕ್ಕು ಏನಾದರೂ ಉಳಿದಿದೆಯೇ?

ಕಡತಪ್ರಿಯ:
ಆ ಪತ್ರಕ್ಕೆ ಸಹಿ ಹಾಕಬೇಡಿ. ಮಿಕ್ಕ ಪ್ರಶ್ನೆಗಳೆಲ್ಲ ಅದರ ನಂತರದವು.

ನಿಷ್ಠುರವಾದಿ:
ಸಹಿ ಹಾಕದೆ ಏನು ಮಾಡುತ್ತಾರೆ? ಗ್ರಾಂಟ್ ಇಲ್ಲದ ಮೇಲೆ ಆಪ್ಶನ್ ಇಲ್ಲ, ಆಪ್ಶನ್ ಇಲ್ಲದ ಮೇಲೆ ಷೇರು ಇಲ್ಲ. ಷೇರು ಹಂಚುವ ಅಧಿಕಾರ ಇರುವುದು ನಿರ್ದೇಶಕರ ಮಂಡಳಿಗೆ, ಕೆಲವೆಡೆ ಷೇರುದಾರರ ಸಭೆಗೆ. ಸಂಸ್ಥಾಪಕರ ಬಾಯಿಮಾತಿಗೂ ಆಫರ್ ಲೆಟರ್‌ಗೂ ಆ ಅಧಿಕಾರ ಇಲ್ಲ. ಇಂತಹ ಪ್ರಕರಣಗಳಲ್ಲಿ ನೌಕರರು ತಮಗೆ ಸಿಗದಿದ್ದುದನ್ನು ಕಳೆದುಕೊಂಡೆವೆಂದು ದುಃಖಿಸುತ್ತಾರೆ. ಬಾಕಿ ಸಂಬಳ ತೆಗೆದುಕೊಂಡು ಮುಂದಿನ ಕೆಲಸ ನೋಡಿಕೊಳ್ಳುವುದು ಒಳ್ಳೆಯದು.

ಕರಾರು ಓದುವವಳು:
ನಿಷ್ಠುರವಾದಿಯವರ ಮಾತಿನ ಮೊದಲರ್ಧ ಸರಿ, ಆದರೆ ಅದರಿಂದ ಅವರು ತೆಗೆದ ತೀರ್ಮಾನ ಸರಿಯಲ್ಲ. ಮಂಡಳಿಯ ನಿರ್ಣಯ ಇಲ್ಲದ ಕಾರಣ ಆಪ್ಶನ್ ಎಂಬ ಆಸ್ತಿ ಇವರ ಕೈಯಲ್ಲಿ ಇಲ್ಲದಿರಬಹುದು. ಆದರೆ ಆಪ್ಶನ್ ಕೊಡುತ್ತೇವೆ ಎಂಬ ವಾಗ್ದಾನವನ್ನು ನಂಬಿ ಕಡಿಮೆ ಸಂಬಳಕ್ಕೆ ದುಡಿದದ್ದೂ, ಆ ವಾಗ್ದಾನ ಈಡೇರದಿದ್ದುದೂ ಬೇರೆಯೇ ವಿಷಯಗಳು. ಇವರ ಕೋರಿಕೆ ‘ನನ್ನ ಷೇರು ಕೊಡಿ’ ಎಂಬುದಲ್ಲ, ‘ಕರಾರು ಮುರಿದದ್ದಕ್ಕೆ ಪರಿಹಾರ ಕೊಡಿ’ ಎಂಬುದು. ಖಾಸಗಿ ಕಂಪನಿಯೊಂದಕ್ಕೆ ಷೇರನ್ನೇ ಹಂಚು ಎಂದು ನ್ಯಾಯಾಲಯ ಆದೇಶಿಸುವುದು ಕಷ್ಟ. ಅದರ ಬೆಲೆಯನ್ನು ಹಣವಾಗಿ ಕಟ್ಟಿಕೊಡುವಂತೆ ಹೇಳುವ ಸಾಧ್ಯತೆ ಅದಕ್ಕಿಂತ ಹೆಚ್ಚು.

ಇನ್ನು ನಿಮ್ಮ ಆಫರ್ ಲೆಟರ್‌ನಲ್ಲಿ ‘ಮಂಡಳಿಯ ಒಪ್ಪಿಗೆಗೆ ಒಳಪಟ್ಟು’ ಎಂಬ ಷರತ್ತು ಇದ್ದರೆ ಅದರ ಮಾತು. ಒಪ್ಪಿಗೆ ಕೇಳುವುದು ಯಾರ ಕೈಯಲ್ಲಿತ್ತೋ ಅವರೇ ವರ್ಷಗಟ್ಟಲೆ ಕೇಳದೆ ಕುಳಿತು, ಕೊನೆಗೆ ಒಪ್ಪಿಗೆ ಸಿಕ್ಕಿಲ್ಲವಲ್ಲ ಎಂದು ಅದರ ಲಾಭ ಪಡೆಯುವುದನ್ನು ಅನೇಕ ದೇಶಗಳ ಕರಾರು ಕಾನೂನು ಸುಲಭವಾಗಿ ಒಪ್ಪುವುದಿಲ್ಲ. ಮಂಡಳಿಯ ಮುಂದೆ ಇಟ್ಟು ಅದು ತಿರಸ್ಕರಿಸಿದ್ದರೆ ಕಥೆ ಬೇರೆಯಾಗುತ್ತಿತ್ತು. ಆದ್ದರಿಂದ ಮೂಲ ಪತ್ರದಲ್ಲಿರುವುದು ‘ಕೊಡಲಾಗುವುದು’ ಎಂದೋ ‘ಕೊಡುವಂತೆ ಮಂಡಳಿಗೆ ಶಿಫಾರಸು ಮಾಡಲಾಗುವುದು’ ಎಂದೋ, ದಯವಿಟ್ಟು ನೋಡಿ ಹೇಳಿ.

ಮೂರನೇ ನೌಕರ:
‘ಮಂಡಳಿಯ ಒಪ್ಪಿಗೆಗೆ ಒಳಪಟ್ಟು ಕೊಡಲಾಗುವುದು’ ಎಂದಿದೆ. ಇನ್ನೊಂದು ವಿಷಯ: ನನ್ನ ಮೊದಲ ವರ್ಷ ತುಂಬಿದ ವಾರ ಸಂಸ್ಥಾಪಕರು ಕಳುಹಿಸಿದ ಇಮೇಲ್‌ನಲ್ಲಿ, ಅಭಿನಂದನೆಗಳು, ಇವತ್ತಿಗೆ ನಿಮ್ಮ ಕಾಲು ಭಾಗ ನಿಮ್ಮದಾಯಿತು ಎಂಬ ಅರ್ಥದ ಮಾತಿದೆ.

ಕರಾರು ಓದುವವಳು:
ಆ ಇಮೇಲ್ ಆಫರ್ ಲೆಟರ್‌ಗಿಂತಲೂ ನಿಮ್ಮ ಕೈ ಬಲಪಡಿಸುತ್ತದೆ. ಗ್ರಾಂಟ್ ಆಗಿದೆ ಎಂಬ ನಂಬಿಕೆಯನ್ನು ಕಂಪನಿಯೇ ನಿಮ್ಮಲ್ಲಿ ಬೆಳೆಸಿತು ಎಂದು ತೋರಿಸಲು ಅದಕ್ಕಿಂತ ನೇರವಾದ ದಾಖಲೆ ಸಿಗುವುದು ಅಪರೂಪ.

ಕಡತಪ್ರಿಯ:
ನಿಮ್ಮ ಆಫರ್ ಲೆಟರ್, ಸಂಬಳದ ಚೀಟಿಗಳು, ಈ ಇಮೇಲ್, ರಾಜೀನಾಮೆಯನ್ನು ಅವರು ಸ್ವೀಕರಿಸಿದ ಪತ್ರ ಇವೆಲ್ಲವೂ ನಿಮ್ಮ ಬಳಿ ಇರಲಿ. ಆದರೆ ಕಂಪನಿಯ ಇತರ ಕಡತಗಳನ್ನು, ವಿಶೇಷವಾಗಿ ಷೇರುದಾರರ ಪಟ್ಟಿಯನ್ನೋ ಗ್ರಾಹಕರ ಮಾಹಿತಿಯನ್ನೋ, ನಿಮ್ಮ ಸ್ವಂತ ಖಾತೆಗೆ ಕಳುಹಿಸಿಕೊಂಡಿದ್ದರೆ ಅಥವಾ ಯಾರಿಂದಲಾದರೂ ತರಿಸಿಕೊಂಡರೆ ಗೋಪ್ಯತೆ ಮುರಿದ ಆರೋಪ ನಿಮ್ಮ ಮೇಲೇ ಬರುತ್ತದೆ, ಮತ್ತು ಚರ್ಚೆ ಷೇರಿನಿಂದ ಆ ಕಡೆಗೆ ತಿರುಗುತ್ತದೆ.

ಸಂಬಳ ಬೇರೆ, ಷೇರು ಬೇರೆ ಎಂದು ಲಿಖಿತವಾಗಿ ಹೇಳಿ. ದುಡಿದ ಸಂಬಳವನ್ನು ಒತ್ತೆ ಇಟ್ಟುಕೊಂಡು ಹಕ್ಕು ಬಿಡಿಸಿಕೊಳ್ಳುವುದನ್ನು ಕ್ಯಾಲಿಫೋರ್ನಿಯಾದಂತಹ ಕಡೆ ಕಾರ್ಮಿಕ ಕಾನೂನೇ ನೇರವಾಗಿ ನಿಷೇಧಿಸಿದೆ. ನೀವು ಕೆಲಸ ಮಾಡಿದ ದೇಶದ ಕಾರ್ಮಿಕ ಇಲಾಖೆ ಇದಕ್ಕೆ ಏನು ಹೇಳುತ್ತದೆ ಎಂದು ಮೊದಲು ವಿಚಾರಿಸಿ.

ಸಣ್ಣ ಮಾಲೀಕ:
ನಾನು ಮೇಜಿನ ಆ ಬದಿಯಲ್ಲಿ ಕೂರುವವನು, ಆದ್ದರಿಂದ ಬೈಗುಳಕ್ಕೆ ಸಿದ್ಧನಾಗಿಯೇ ಬರೆಯುತ್ತಿದ್ದೇನೆ. ಆಪ್ಶನ್ ಕೊಡುವುದು ನೌಕರರು ಉಳಿಯಲಿ ಎಂದು. ಬಿಟ್ಟು ಹೋದವರೆಲ್ಲ ಪಾಲು ಹೊತ್ತುಕೊಂಡು ಹೋದರೆ, ಉಳಿದು ಕಂಪನಿ ಕಟ್ಟುವವರಿಗೆ ಹಂಚಲು ಏನು ಉಳಿಯುತ್ತದೆ? ಹೂಡಿಕೆದಾರರೂ ಇದನ್ನೇ ಕೇಳುತ್ತಾರೆ.

ನೇರಮಾತು:
ಉಳಿಯಲಿ ಎಂದು ಕೊಡುವುದರಿಂದಲೇ ವೆಸ್ಟಿಂಗ್ ಎಂಬ ವ್ಯವಸ್ಥೆ ಇರುವುದು, ಸಣ್ಣ ಮಾಲೀಕರೇ. ಉಳಿಯದ ಒಂದೂವರೆ ವರ್ಷದ ಭಾಗವನ್ನು ಇವರು ಕೇಳುತ್ತಿಲ್ಲ. ಉಳಿದು ದುಡಿದ ಭಾಗವನ್ನೂ ಕೊಡಬೇಕಿಲ್ಲ ಎನ್ನುವುದಾದರೆ ಅದನ್ನು ಸೇರುವಾಗಲೇ ಹೇಳಬೇಕಿತ್ತು.

ಸಣ್ಣ ಮಾಲೀಕ:
ಹೇಳಿಯೇ ಇರುತ್ತಾರೆ, ಆಪ್ಶನ್‌ಗಳ ಷರತ್ತುಗಳೆಲ್ಲ ಇರುವ ಯೋಜನೆಯ ದಾಖಲೆಯಲ್ಲಿ. ಅದನ್ನು ಓದುವವರು ಕಡಿಮೆ.

ಹಳೆಯ ಅನುಭವಿ:
ಆ ದಾಖಲೆಯನ್ನು ಓದುವುದು ಏಕೆ ಮುಖ್ಯ ಎಂಬುದಕ್ಕೆ 2011ರ ಸ್ಕೈಪ್ ಪ್ರಕರಣ ಸಾಕು. ಮೈಕ್ರೋಸಾಫ್ಟ್ ಅದನ್ನು ಕೊಳ್ಳುವ ಹೊತ್ತಿಗೆ ಕೆಲಸ ಬಿಟ್ಟಿದ್ದವರಲ್ಲಿ ಕೆಲವರಿಗೆ, ಈಗಾಗಲೇ ವೆಸ್ಟ್ ಆದ ಪಾಲನ್ನೂ ಕಂಪನಿಯು ಮೂಲ ಬೆಲೆಗೇ ಮರಳಿ ಕೊಳ್ಳಬಹುದು ಎಂಬ ಷರತ್ತು ದಾಖಲೆಯೊಳಗೆ ಇದ್ದದ್ದು ಆಗ ತಿಳಿಯಿತು. ಅಂದರೆ ಅವರ ಲಾಭ ಸೊನ್ನೆ. ವೆಸ್ಟ್ ಆಗಿದೆ ಎಂಬ ಮಾತ್ರಕ್ಕೆ ಕೈಗೆ ಸಿಕ್ಕಿತೆಂದು ತಿಳಿಯಬಾರದು. ಮರುಖರೀದಿಯ ಹಕ್ಕು ಯಾರಿಗಿದೆ, ಯಾವ ಬೆಲೆಗೆ, ಸ್ವಇಚ್ಛೆಯಿಂದ ಬಿಟ್ಟವರನ್ನು ದುರ್ನಡತೆಗಾಗಿ ತೆಗೆದುಹಾಕಿದವರ ಸಾಲಿನಲ್ಲೇ ನಿಲ್ಲಿಸಿದ್ದಾರೆಯೇ ಎಂಬ ಮೂರನ್ನು ಹುಡುಕಿ ಓದಬೇಕು.

ಆದರೆ ಮೂರನೇ ನೌಕರರ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಯೋಜನೆಯ ದಾಖಲೆಯನ್ನು ಇವರಿಗೆ ಕೊಟ್ಟಂತೆಯೇ ಕಾಣುವುದಿಲ್ಲ. ಕೊಡದ ದಾಖಲೆಯ ಷರತ್ತುಗಳಿಂದ ಇವರನ್ನು ಕಟ್ಟಿಹಾಕುವುದು ಕಂಪನಿಗೂ ಸುಲಭವಲ್ಲ.

ಕರಾರು ಓದುವವಳು:
ಒಪ್ಪುತ್ತೇನೆ, ಆದರೆ ನ್ಯಾಯಾಲಯಗಳು ಯಾವಾಗಲೂ ನೌಕರರ ಪರ ಎಂದುಕೊಳ್ಳಬೇಡಿ. ಸಂಬಳದ ಒಂದು ಭಾಗದ ಬದಲು ನಿರ್ಬಂಧಿತ ಷೇರು ಪಡೆದ ನೌಕರರೊಬ್ಬರು ವೆಸ್ಟ್ ಆಗುವ ಮುನ್ನವೇ ಬಿಟ್ಟಾಗ ಆ ಷೇರು ಮುಟ್ಟುಗೋಲಾದದ್ದು ಸರಿಯೇ ಎಂದು ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ 2009ರಲ್ಲಿ ಸಿಟಿಗ್ರೂಪ್‌ಗೆ ಸಂಬಂಧಿಸಿದ ಪ್ರಕರಣದಲ್ಲಿ ಹೇಳಿತು. ಷರತ್ತು ಪೂರೈಸದ ಮೇಲೆ ಅದು ಗಳಿಸಿದ ವೇತನವೇ ಅಲ್ಲ ಎಂಬುದು ಅದರ ನಿಲುವು. ಇದಕ್ಕೆ ಎದುರಾಗಿ ಕೆನಡಾದ ಸರ್ವೋಚ್ಚ ನ್ಯಾಯಾಲಯ 2020ರ ಓಷನ್ ನ್ಯೂಟ್ರಿಷನ್ ಪ್ರಕರಣದಲ್ಲಿ, ಮೇಲಧಿಕಾರಿಗಳು ಮೂಲೆಗುಂಪು ಮಾಡಿದ್ದರಿಂದ ರಾಜೀನಾಮೆ ಕೊಡಬೇಕಾಗಿ ಬಂದ ಹಿರಿಯ ನೌಕರರೊಬ್ಬರಿಗೆ, ಅವರು ಹೋದ ಸುಮಾರು 13 ತಿಂಗಳ ನಂತರ ಕಂಪನಿ ಮಾರಾಟವಾದಾಗ ಸಿಗಬೇಕಿದ್ದ ಹಣವನ್ನು ಕೊಡಿಸಿತು. ಅವರಿಗೆ ಸಲ್ಲಬೇಕಿದ್ದ ನೋಟಿಸ್ ಅವಧಿ 15 ತಿಂಗಳು, ಮಾರಾಟ ಆ ಅವಧಿಯೊಳಗೇ ನಡೆಯಿತು, ಆ ಹಕ್ಕನ್ನು ಸ್ಪಷ್ಟವಾಗಿ ಕಿತ್ತುಕೊಳ್ಳುವ ಭಾಷೆ ಕರಾರಿನಲ್ಲಿ ಇರಲಿಲ್ಲ ಎಂಬುದು ಕಾರಣ. ಅದು ಷೇರಲ್ಲ, ಮಾರಾಟಕ್ಕೆ ತಳಕು ಹಾಕಿದ ಪ್ರೋತ್ಸಾಹಧನ. ಆದರೂ ತರ್ಕ ಇಲ್ಲಿಗೆ ಹತ್ತಿರದ್ದು.

ಎರಡನ್ನೂ ಒಟ್ಟಿಗೆ ಓದಿದರೆ, ಬಿಟ್ಟದ್ದು ಹೇಗೆ ಮತ್ತು ಕಾಗದದಲ್ಲಿ ಏನಿದೆ ಎಂಬುದರ ಮೇಲೆಯೇ ತೀರ್ಪು ನಿಲ್ಲುವುದು ಕಾಣುತ್ತದೆ.

ಹೊಸ ಓದುಗ:
ಸ್ವಲ್ಪ ಬೇರೆ ಪ್ರಶ್ನೆ, ಕ್ಷಮಿಸಿ. ನನಗೆ ಗ್ರಾಂಟ್ ಆಗಿದೆ, ಅರ್ಧದಷ್ಟು ವೆಸ್ಟ್ ಕೂಡ ಆಗಿದೆ, ನಾನೂ ರಾಜೀನಾಮೆ ಕೊಡುವವನಿದ್ದೇನೆ. ನನಗೂ ಇಂಥದೇ ಹೋರಾಟ ಕಾದಿದೆಯೇ?

ಲೆಕ್ಕದ ಪುಸ್ತಕ:
ನಿಮ್ಮದು ಗಡಿಯಾರದೊಂದಿಗಿನ ಹೋರಾಟ. ಕೆಲಸ ಬಿಟ್ಟ ಮೇಲೆ ವೆಸ್ಟ್ ಆದ ಆಪ್ಶನ್‌ಗೆ ಹಣ ಕಟ್ಟಿ ಷೇರಾಗಿ ಪರಿವರ್ತಿಸಿಕೊಳ್ಳಲು, ಅಂದರೆ ಎಕ್ಸರ್ಸೈಸ್ ಮಾಡಲು, ಬಹಳಷ್ಟು ಯೋಜನೆಗಳಲ್ಲಿ 90 ದಿನಗಳಷ್ಟೇ ಇರುತ್ತವೆ. ಕೆಲಸ ಬಿಟ್ಟು ಮೂರು ತಿಂಗಳೊಳಗೆ ಎಕ್ಸರ್ಸೈಸ್ ಮಾಡಿದರೆ ಮಾತ್ರ ಒಂದು ಬಗೆಯ ಆಪ್ಶನ್‌ಗೆ ತೆರಿಗೆ ರಿಯಾಯಿತಿ ಉಳಿಯುತ್ತದೆ ಎಂಬುದು ಅಮೆರಿಕದ ತೆರಿಗೆ ಕಾನೂನಿನ ನಿಯಮ. ಅದು ರಿಯಾಯಿತಿಗೆ ಹಾಕಿದ ಮಿತಿಯೇ ಹೊರತು ಆಪ್ಶನ್‌ನ ಆಯುಸ್ಸಿಗೆ ಹಾಕಿದ ಮಿತಿಯಲ್ಲ. ಕಂಪನಿಗಳು ಅದನ್ನೇ ಆಯುಸ್ಸಿನ ಮಿತಿಯಾಗಿ ಬರೆದುಕೊಂಡವು. ಪಿಂಟರೆಸ್ಟ್ 2015ರಲ್ಲಿ, ಎರಡು ವರ್ಷ ದುಡಿದವರಿಗೆ ಈ ಅವಧಿಯನ್ನು ಏಳು ವರ್ಷಕ್ಕೆ ಹೆಚ್ಚಿಸಿದ್ದು ಇದು ಬದಲಾಯಿಸಬಲ್ಲ ನಿಯಮ ಎಂಬುದಕ್ಕೆ ಸಾಕ್ಷಿ. ಹಾಗಾಗಿ ರಾಜೀನಾಮೆ ಪತ್ರ ಕೊಡುವ ಮುನ್ನವೇ ಅವಧಿ ವಿಸ್ತರಣೆ ಕೇಳಿ. ಕೊಟ್ಟ ಮೇಲೆ ನಿಮ್ಮ ಮಾತಿಗೆ ತೂಕ ಕಡಿಮೆ.

ಎಕ್ಸರ್ಸೈಸ್ ಬೆಲೆ ಒಂದೇ ಖರ್ಚು ಎಂದುಕೊಳ್ಳಬೇಡಿ. ಅನೇಕ ದೇಶಗಳಲ್ಲಿ ಆ ದಿನದ ಮೌಲ್ಯಕ್ಕೂ ನೀವು ಕಟ್ಟಿದ ಬೆಲೆಗೂ ಇರುವ ವ್ಯತ್ಯಾಸವನ್ನು ಸಂಬಳದ ಆದಾಯವೆಂದು ಎಣಿಸಿ ತೆರಿಗೆ ಹಾಕುತ್ತಾರೆ, ಷೇರನ್ನು ಕೊಳ್ಳುವವರೇ ಇಲ್ಲದಿದ್ದರೂ ಸರಿ. ಭಾರತದಲ್ಲಿ ಅರ್ಹ ನವೋದ್ಯಮಗಳ ನೌಕರರಿಗೆ 2020ರ ಹಣಕಾಸು ಕಾಯ್ದೆ ಈ ತೆರಿಗೆಯನ್ನು ಮುಂದೂಡುವ ಅವಕಾಶ ಕೊಟ್ಟಿತು, ಆದರೆ ಕೆಲಸ ಬಿಟ್ಟ ಕೂಡಲೇ ಆ ಮುಂದೂಡಿಕೆ ಮುಗಿಯುತ್ತದೆ. ಮೊದಲೇ ಷೇರು ಪಡೆದು ತೆರಿಗೆ ಮುಂದೂಡಿದವರು ರಾಜೀನಾಮೆಗೆ ಮುನ್ನ ಈ ಲೆಕ್ಕ ಹಾಕಿಕೊಳ್ಳಬೇಕು.

ನಿಷ್ಠುರವಾದಿ:
ಸರಿ, ಹಕ್ಕಿದೆ ಎಂದೇ ಇಟ್ಟುಕೊಳ್ಳೋಣ. ಶೇಕಡಾ 0.5 ಎಂದರೆ ಎಷ್ಟು? ಯಾವತ್ತಿನ ಶೇಕಡಾ?

ಲೆಕ್ಕದ ಪುಸ್ತಕ:
ಒಳ್ಳೆಯ ಪ್ರಶ್ನೆ, ಮತ್ತು ಜಗಳ ಶುರುವಾಗುವುದೇ ಅಲ್ಲಿ. ಉದಾಹರಣೆಗೆ ಇವರು ಸೇರಿದಾಗ ಒಟ್ಟು 1 ಕೋಟಿ ಷೇರುಗಳಿದ್ದವು ಎನ್ನೋಣ. 0.5 ಶೇಕಡಾ ಎಂದರೆ 50,000. ಎರಡೂವರೆ ವರ್ಷಕ್ಕೆ 48ರಲ್ಲಿ 30 ಭಾಗ ಸೇರಿದರೆ 31,250. ಈಗ ಹೂಡಿಕೆಯ ನಂತರ ಒಟ್ಟು 2 ಕೋಟಿ ಷೇರುಗಳಾಗಿದ್ದರೆ ಅದೇ 31,250 ಕಂಪನಿಯ ಶೇಕಡಾ 0.16ಕ್ಕೂ ಕಡಿಮೆ. ಇಂದಿನ ಒಟ್ಟಿನ ಮೇಲೆ ಶೇಕಡಾ ಕೇಳಿದರೆ ಕಂಪನಿ ನಗುತ್ತದೆ. ಸೇರಿದ ದಿನದ ಒಟ್ಟನ್ನು ಹಿಡಿದು ಷೇರುಗಳ ಸಂಖ್ಯೆ ಕೇಳುವುದು ನ್ಯಾಯವೂ ಹೌದು, ಸಾಧಿಸಲು ಸುಲಭವೂ ಹೌದು.

ಅದರ ಮೇಲೆ ಆದ್ಯತೆಯ ಪ್ರಶ್ನೆ. ಹೂಡಿಕೆದಾರರು 40 ಹಾಕಿ ಕಂಪನಿಯ ಅರ್ಧ ಪಾಲನ್ನು ಪಡೆದಿದ್ದಾರೆ, ಕಂಪನಿ 50ಕ್ಕೆ ಮಾರಾಟವಾಯಿತು ಎಂದುಕೊಳ್ಳಿ. ಆದ್ಯತೆಯ ಷೇರಿದ್ದವರು ತಮ್ಮ 40ನ್ನು ಮೊದಲು ತೆಗೆದುಕೊಳ್ಳುತ್ತಾರೆ. ಸಾಮಾನ್ಯ ಷೇರುದಾರರೆಲ್ಲರೂ ಸೇರಿ ಹಂಚಿಕೊಳ್ಳುವುದು ಉಳಿದ 10ನ್ನು. ಪತ್ರಿಕೆಯಲ್ಲಿ ಬಂದ ಕಂಪನಿಯ ಮೌಲ್ಯಕ್ಕೆ ನಿಮ್ಮ ಶೇಕಡಾವನ್ನು ಗುಣಿಸಿ ಕನಸು ಕಾಣಬೇಡಿ.

ಅಧಿನಿಯಮ:
ಕಂಪನಿ ಭಾರತದಲ್ಲಿ ನೋಂದಣಿಯಾಗಿದ್ದರೆ 2014ರ ಷೇರು ಬಂಡವಾಳ ನಿಯಮಗಳ 12ನೇ ನಿಯಮ ನೋಡಿ. ಗ್ರಾಂಟ್‌ಗೂ ವೆಸ್ಟಿಂಗ್‌ಗೂ ನಡುವೆ ಕನಿಷ್ಠ ಒಂದು ವರ್ಷ ಇರಬೇಕು, ರಾಜೀನಾಮೆ ಕೊಟ್ಟಾಗ ವೆಸ್ಟ್ ಆಗದ ಆಪ್ಶನ್‌ಗಳು ರದ್ದಾಗುತ್ತವೆ, ವೆಸ್ಟ್ ಆದವನ್ನು ಯೋಜನೆಯಲ್ಲಿ ಹೇಳಿದ ಅವಧಿಯಲ್ಲಿ ಎಕ್ಸರ್ಸೈಸ್ ಮಾಡಬಹುದು. ಆ ಅವಧಿ ಎಷ್ಟೆಂಬುದನ್ನು ಷೇರುದಾರರ ಮುಂದಿಟ್ಟ ವಿವರಣೆಯಲ್ಲೇ ಹೇಳಿರಬೇಕು. ಆಪ್ಶನ್‌ಗಳ ರಿಜಿಸ್ಟರ್ ಕೂಡ ಇಡಬೇಕು. ಯೋಜನೆಗೆ ಷೇರುದಾರರ ಒಪ್ಪಿಗೆಯೇ ಆಗಿರದಿದ್ದರೆ, ಯಾವುದನ್ನು ಕೊಡಲು ತನಗೆ ಅಧಿಕಾರವಿರಲಿಲ್ಲವೋ ಅದನ್ನೇ ತೋರಿಸಿ ಕಂಪನಿ ಜನರನ್ನು ಸೇರಿಸಿಕೊಂಡಿತು ಎಂದಾಗುತ್ತದೆ.

ಗಡುವಿನ ಬಗ್ಗೆಯೂ ಯಾರೂ ಹೇಳಿಲ್ಲ. ಕರಾರು ಮುರಿದ ದಾವೆಗೆ ಭಾರತದಲ್ಲಿ ಮೂರು ವರ್ಷ, ಇಂಗ್ಲೆಂಡಿನಲ್ಲಿ ಆರು, ಅಮೆರಿಕದ ಡೆಲವೇರ್ ರಾಜ್ಯದಲ್ಲಿ ಮೂರು, ಕ್ಯಾಲಿಫೋರ್ನಿಯಾದಲ್ಲಿ ಲಿಖಿತ ಕರಾರಿಗೆ ನಾಲ್ಕು ಮತ್ತು ಬಾಯಿಮಾತಿನದಕ್ಕೆ ಎರಡು. ಮುರಿದ ದಿನ ಯಾವುದು ಎಂಬುದೇ ವಾದದ ವಿಷಯವಾಗುವುದರಿಂದ, ಎಚ್‌ಆರ್ ಇಲ್ಲ ಎಂದ ದಿನದಿಂದಲೇ ಎಣಿಕೆ ಶುರು ಎಂಬ ಧೈರ್ಯದಲ್ಲಿ ಕೂರಬೇಡಿ. ಯಾವ ದೇಶದ ಕಾನೂನು ಅನ್ವಯ ಎಂಬ ಸಾಲು ಆಫರ್ ಲೆಟರ್‌ನ ಕೊನೆಯ ಪುಟದಲ್ಲಿರುತ್ತದೆ, ಅದನ್ನು ಓದಿ.

ಹಳೆಯ ಅನುಭವಿ:
ದಾವೆಯ ಮಾತು ಬರುವ ಮುನ್ನ ಒಂದು ಪತ್ರದ ಮಾತು ಬರಬೇಕು. ಎಚ್‌ಆರ್‌ಗಲ್ಲ, ನಿರ್ದೇಶಕರ ಮಂಡಳಿಗೆ ಬರೆಯಿರಿ. ಸಿಟ್ಟಿನ ಒಂದು ವಿಶೇಷಣವೂ ಇಲ್ಲದೆ, ಏನು ವಾಗ್ದಾನವಾಗಿತ್ತು, ಯಾವ ದಿನ ಏನು ಹೇಳಲಾಯಿತು, ನೀವು ದುಡಿದದ್ದು ಎಷ್ಟು, ಅದರ ಪ್ರಕಾರ ನಿಮಗೆ ಸಲ್ಲಬೇಕಾದದ್ದು ಎಷ್ಟು ಎಂದು ಹೇಳಿ, ಯೋಜನೆಯ ಪ್ರತಿಯನ್ನೂ ನಿಮ್ಮ ಪ್ರಸ್ತಾವ ಮಂಡಳಿಯ ಮುಂದೆ ಬಂದಿತ್ತೇ ಎಂಬ ಉತ್ತರವನ್ನೂ ನಿಗದಿತ ದಿನಾಂಕದೊಳಗೆ ಕೇಳಿ. ‘ನನ್ನ ಎಲ್ಲ ಹಕ್ಕುಗಳನ್ನು ಕಾಯ್ದಿರಿಸಿಕೊಂಡು’ ಎಂಬ ಸಾಲು ಕೊನೆಯಲ್ಲಿರಲಿ.

ಇದಕ್ಕೆ ಬೆಲೆ ಬರುವುದು ಎಲ್ಲಿಂದ ಎಂದರೆ, ಮುಂದಿನ ಹೂಡಿಕೆಯ ಅಥವಾ ಮಾರಾಟದ ಸಂದರ್ಭದಲ್ಲಿ ಕಂಪನಿಯ ಷೇರುಗಳ ಮೇಲೆ ಹೊರಗಿನವರ ತಕರಾರು ಯಾವುದೂ ಇಲ್ಲ ಎಂದು ಸಂಸ್ಥಾಪಕರು ಲಿಖಿತ ಭರವಸೆ ಕೊಡಬೇಕಾಗುತ್ತದೆ. ಮಂಡಳಿಯ ಕಡತದಲ್ಲಿ ನಿಮ್ಮ ಪತ್ರ ಇದ್ದರೆ ಅಂತಹ ಭರವಸೆ ಕೊಡಲು ಅವರ ವಕೀಲರೇ ಬಿಡುವುದಿಲ್ಲ. ಆಗ ಎಷ್ಟೋ ಕಂಪನಿಗಳು ತಾವಾಗಿಯೇ ರಾಜಿಗೆ ಬರುತ್ತವೆ.

ಸಣ್ಣ ಮಾಲೀಕ:
ಇದನ್ನು ಬೆದರಿಕೆ ಎನ್ನುವುದಿಲ್ಲವೇ?

ಹಳೆಯ ಅನುಭವಿ:
ಬಾಕಿ ಕೇಳಿ ಪತ್ರ ಬರೆಯುವುದು ಬೆದರಿಕೆಯಲ್ಲ. ಹೂಡಿಕೆದಾರರಿಗೋ ಗ್ರಾಹಕರಿಗೋ ನೇರವಾಗಿ ಬರೆದು ಹೆಸರು ಕೆಡಿಸುತ್ತೇನೆ ಎನ್ನುವುದು ಬೆದರಿಕೆ, ಮತ್ತು ಅದನ್ನು ಮಾಡಬಾರದು.

ಮೂರನೇ ನೌಕರ:
ಎಲ್ಲರಿಗೂ ಧನ್ಯವಾದ. ಮಂಡಳಿಗೆ ಪತ್ರ ಬರೆದೆ, ಕಾರ್ಮಿಕ ಇಲಾಖೆಯ ಹೆಸರೆತ್ತಿದ ಮೇಲೆ ಸಂಬಳ ಬೇಷರತ್ತಾಗಿ ಬಂತು. ಷೇರಿನ ವಿಷಯದಲ್ಲಿ ಈಗ ಒಂದು ಪ್ರಸ್ತಾವ ಬಂದಿದೆ: ಮೊದಲ ವರ್ಷದ ಕಾಲು ಭಾಗಕ್ಕೆ ಆಪ್ಶನ್ ಗ್ರಾಂಟ್ ಮಾಡುತ್ತಾರೆ, ಬೆಲೆ ಈಚಿನ ಮೌಲ್ಯಮಾಪನದ್ದು, ಎಕ್ಸರ್ಸೈಸ್‌ಗೆ 90 ದಿನ, ಬದಲಿಗೆ ಉಳಿದ ಎಲ್ಲ ಹಕ್ಕು ಬಿಡಬೇಕು. ಏನೂ ಇಲ್ಲದ್ದಕ್ಕಿಂತ ಇದು ವಾಸಿಯೇ?

ನಿಷ್ಠುರವಾದಿ:
ಒಪ್ಪಿಕೊಳ್ಳಿ. ಇಷ್ಟು ಬರುತ್ತದೆಂದು ನಾನು ಎಣಿಸಿರಲಿಲ್ಲ.

ಲೆಕ್ಕದ ಪುಸ್ತಕ:
ಒಪ್ಪಬೇಡಿ. ಬೆಲೆಯನ್ನು ನೋಡಿ. ಇವರು ಸೇರಿದಾಗ ಷೇರಿನ ಮೌಲ್ಯ 10 ಇತ್ತು, ಈಗ 100 ಆಗಿದೆ ಎನ್ನೋಣ. ಸಕಾಲದಲ್ಲಿ ಗ್ರಾಂಟ್ ಆಗಿದ್ದರೆ ಪ್ರತಿ ಷೇರಿಗೆ 90 ಇವರದ್ದು. ಇಂದು 100ರ ಬೆಲೆಗೆ 12,500 ಆಪ್ಶನ್ ಕೊಟ್ಟರೆ, ಕೊಟ್ಟ ದಿನ ಅದರಲ್ಲಿರುವ ಲಾಭ ಸೊನ್ನೆ. 90 ದಿನದೊಳಗೆ 12,50,000 ಕಟ್ಟಿ, ಮಾರಲಾಗದ ಕಾಗದವನ್ನು ಅದರ ಪೂರ್ತಿ ಬೆಲೆಗೆ ಕೊಳ್ಳಿ ಎಂದಷ್ಟೇ ಅವರು ಹೇಳುತ್ತಿರುವುದು. ತಡಮಾಡಿದ್ದರಿಂದ ಆದ ನಷ್ಟದ ತಿರುಳು ಇರುವುದು ಷೇರುಗಳ ಸಂಖ್ಯೆಯಲ್ಲಲ್ಲ, ಬೆಲೆಯಲ್ಲಿ. ನ್ಯಾಯವಾದ ಲೆಕ್ಕ 31,250ನ್ನು 90ರಿಂದ ಗುಣಿಸಿದಾಗ ಬರುವ 28,12,500. ಅದರಲ್ಲಿ ಎಷ್ಟು ಬಿಟ್ಟುಕೊಡುತ್ತೀರಿ ಎಂಬುದು ಮಾತುಕತೆ.

ಸಣ್ಣ ಮಾಲೀಕ:
ಹಳೆಯ ಬೆಲೆಗೆ ಈಗ ಕೊಡಲು ಎಲ್ಲ ಕಡೆಯೂ ಆಗುವುದಿಲ್ಲ. ಅಮೆರಿಕದಲ್ಲಿ ಗ್ರಾಂಟ್ ದಿನದ ನ್ಯಾಯವಾದ ಮೌಲ್ಯಕ್ಕಿಂತ ಕಡಿಮೆ ಬೆಲೆಗೆ ಕೊಟ್ಟರೆ ಪಡೆದವರ ಮೇಲೇ ದಂಡದಂತಹ ತೆರಿಗೆ ಬೀಳುತ್ತದೆ. ಇದು ದುರುದ್ದೇಶವೇ ಆಗಿರಬೇಕಿಲ್ಲ.

ಅಧಿನಿಯಮ:
ನಿಜ, ಆದರೆ ಭಾರತದ 12ನೇ ನಿಯಮ ಬೆಲೆ ನಿಗದಿಯನ್ನು ಕಂಪನಿಗೇ ಬಿಟ್ಟಿದೆ. ಬೆಲೆ ಇಳಿಸಲಾಗದ ಕಡೆ ವ್ಯತ್ಯಾಸವನ್ನು ನಗದಾಗಿ ಕೊಡಲು ಅಡ್ಡಿ ಏನೂ ಇಲ್ಲ.

ಮೂರನೇ ನೌಕರ:
ಹಾಗಾದರೆ ಪೂರ್ತಿ ಅವಧಿಯ ಲೆಕ್ಕದ ಮೇಲೆ ನಗದನ್ನೇ ಕೇಳುತ್ತೇನೆ. ಹಕ್ಕು ಬಿಡುವ ಪತ್ರದಲ್ಲಿ ನೋಡಿಕೊಳ್ಳಬೇಕಾದದ್ದು ಏನಾದರೂ ಇದ್ದರೆ ತಿಳಿಸಿ.

ಕರಾರು ಓದುವವಳು:
ಹಣ ಖಾತೆಗೆ ಬಂದ ಮೇಲೆಯೇ ಹಕ್ಕು ಬಿಟ್ಟದ್ದು ಜಾರಿಗೆ ಬರುತ್ತದೆ ಎಂದು ಬರೆಯಿಸಿ. ಕಂತುಗಳಲ್ಲಿ ಕೊಡುವುದಾದರೆ ಒಂದು ಕಂತು ತಪ್ಪಿದ ಕೂಡಲೇ ಉಳಿದದ್ದೆಲ್ಲ ಒಟ್ಟಿಗೆ ಬಾಕಿಯಾಗುವಂತಿರಲಿ. ಬಿಡುಗಡೆ ಏಕಮುಖವಾಗದೆ, ಅವರೂ ನಿಮ್ಮ ಮೇಲೆ ಯಾವ ತಕರಾರನ್ನೂ ಉಳಿಸಿಕೊಳ್ಳದಂತೆ ಇರಬೇಕು. ಸಹಿ ಮಾಡುವವರಿಗೆ ಮಂಡಳಿಯ ನಿರ್ಣಯದಿಂದ ಅಧಿಕಾರ ಬಂದಿದೆಯೇ ಎಂದು ಈ ಸಲ ಮೊದಲೇ ಕೇಳಿ, ನಿರ್ಣಯದ ಪ್ರತಿಯನ್ನು ಒಪ್ಪಂದಕ್ಕೆ ಲಗತ್ತಿಸಲು ಹೇಳಿ. ನಮೂದಿಸಿದ ಮೊತ್ತ ತೆರಿಗೆ ಕಡಿತಕ್ಕೆ ಮುಂಚಿನದ್ದೋ ನಂತರದ್ದೋ ಎಂಬುದೂ ಅದರಲ್ಲೇ ಇರಲಿ.